ಕಡವೆ ಬೇಟೆ

ಕಡವೆ ಬೇಟೆಯು ಮಲೆನಾಡು, ಕೊಡಗು ಮತ್ತು ಹಳೆಯ ಮೈಸೂರು ಸೀಮೆಯ ಕಾಡುಗಳಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ಬಳಕೆಯಲ್ಲಿದ್ದ ಸಾಮೂಹಿಕ ಬೇಟೆಯ ಒಂದು ಪ್ರಕಾರ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನ್ವಯ ಕಡವೆಯನ್ನು ಬೇಟೆಯಾಡುವುದು ಇಂದು ಶಿಕ್ಷಾರ್ಹ ಅಪರಾಧ. ಈ ಲೇಖನವು ಆ ಬೇಟೆಯ ಪೂರ್ವಸಿದ್ಧತೆಯನ್ನು ಚರಿತ್ರೆಯ ವಿಷಯವಾಗಿ ವಿವರಿಸುತ್ತದೆ.

ಪ್ರಾಣಿ ಮತ್ತು ಹೆಸರಿನ ಗೊಂದಲ

ಕಡವೆಯು ಭಾರತದ ಅತಿ ದೊಡ್ಡ ಜಿಂಕೆ. ಇದರ ವೈಜ್ಞಾನಿಕ ನಾಮ ರೂಸಾ ಯೂನಿಕಲರ್. ಹಿಂದಿಯಲ್ಲಿ ಸಾಂಬರ್ ಎನ್ನುತ್ತಾರೆ. ಮಲೆನಾಡಿನ ಬೇಟೆಗಾರರ ಮಾತಿನಲ್ಲಿ ಇದು ಬರಿಯ ‘ಮಿಗ’. ಬಲಿತ ಗಂಡು 200 ಕಿಲೋಗ್ರಾಂಗಳಿಗೂ ಹೆಚ್ಚು ತೂಗಬಲ್ಲದು. ಪ್ರತಿಯೊಂದು ಕೊಂಬಿನಲ್ಲಿಯೂ ಸಾಮಾನ್ಯವಾಗಿ ಮೂರು ಕವಲುಗಳಿದ್ದು, ಕೊಂಬುಗಳು ಉದುರಿ ಮತ್ತೆ ಬೆಳೆಯುತ್ತವೆ.

ಬ್ರಿಟಿಷ್ ಬೇಟೆಗಾರರು ದಕ್ಷಿಣ ಭಾರತದಲ್ಲಿಯೂ ಸಿಂಹಳದಲ್ಲಿಯೂ ಕಡವೆಯನ್ನು ‘ಎಲ್ಕ್’ ಎಂದು ಕರೆದರು. ಸ್ಯಾಮ್ಯುಯೆಲ್ ಬೇಕರ್ 1854ರಲ್ಲಿ ಪ್ರಕಟಿಸಿದ ಸಿಂಹಳದ ಬೇಟೆಯ ಪುಸ್ತಕದಲ್ಲಿ ಬರುವ ಎಲ್ಕ್ ವಾಸ್ತವವಾಗಿ ಕಡವೆಯೇ. 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟು ಈ ಬಳಕೆ ತೀರ ಅಸಮಂಜಸವೆಂದು ಆಗಲೇ ಆಕ್ಷೇಪಿಸಿತ್ತು. ಯೂರೋಪಿನಲ್ಲಿ ಎಲ್ಕ್ ಎಂದರೆ ಅಮೆರಿಕದವರು ಮೂಸ್ ಎನ್ನುವ ಪ್ರಾಣಿ. ಉತ್ತರ ಅಮೆರಿಕದಲ್ಲಿ ಅದೇ ಹೆಸರು ವಾಪಿಟಿ ಎಂಬ ಬೇರೊಂದು ದೊಡ್ಡ ಜಿಂಕೆಗೆ ಸಲ್ಲುತ್ತದೆ. ಹೀಗೆ ಒಂದೇ ಹೆಸರು ಮೂರು ಪ್ರಾಣಿಗಳಿಗೆ ಅಂಟಿಕೊಂಡಿರುವುದರಿಂದ, ಹಳೆಯ ಬೇಟೆಯ ಬರಹಗಳನ್ನು ಓದುವ ವಿದ್ಯಾರ್ಥಿಗಳು ಲೇಖಕನು ಯಾವ ದೇಶದ ಮಾತಾಡುತ್ತಿದ್ದಾನೆಂಬುದನ್ನು ಮೊದಲು ಗಮನಿಸಬೇಕು.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಬೇಟೆಗೆ ದೀರ್ಘ ಚರಿತ್ರೆಯಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಜಿಂಕೆಗಳನ್ನು ಬೇಟೆಯಾಡುವ ಬಗೆಗಳನ್ನು ರಾಜವಿನೋದಗಳ ಸಾಲಿನಲ್ಲಿ ವಿವರಿಸುತ್ತದೆ. ಅದಕ್ಕೂ ಹಿಂದಿನದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ (ಕ್ರಿ.ಶ. 949-50). ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತ ಪ್ರಸಂಗವನ್ನು ಅದು ದಾಖಲಿಸಿದೆ. ಬೇಟೆನಾಯಿಗೆ ಸಮಾಜವು ಎಷ್ಟು ಬೆಲೆ ಕೊಟ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಬಯಲುಸೀಮೆಯ ತೆಂಗಿನ ನಾಡಾದ ತುರುವೇಕೆರೆಯಲ್ಲಿ ದೇವರೇ ಬೇಟೆರಾಯಸ್ವಾಮಿಯಾಗಿ ನೆಲೆಸಿದ್ದಾನೆ. ಆದರೆ ಆ ಸೀಮೆಯ ಕುರುಚಲು ಗುಡ್ಡಗಳು ಕಡವೆಗಿಂತ ಮೊಲಕ್ಕೂ ಹಂದಿಗೂ ಹೆಚ್ಚು ಒಗ್ಗಿದವು.

ಕಾಲ

ಕಡವೆಯು ಮುಂಜಾವು, ಮುಸ್ಸಂಜೆ ಮತ್ತು ರಾತ್ರಿಯಲ್ಲಿ ಮೇಯುತ್ತದೆ; ಹಗಲು ದಟ್ಟವಾದ ಹಳುವಿನಲ್ಲಿ ಮಲಗುತ್ತದೆ. ಮಳೆಗಾಲದಲ್ಲಿ ಕಾಡು ದುರ್ಗಮ. ಇಂಬಳದ ಕಾಟವೂ ಅಪಾರ. ನಾಟಿಯ ಕೆಲಸ ಮುಗಿಯುವವರೆಗೆ ಆಳುಗಳಿಗೂ ಬಿಡುವಿರುತ್ತಿರಲಿಲ್ಲ. ಆದ್ದರಿಂದ ದೊಡ್ಡ ಬೇಟೆಗಳಿಗೆ ಮಳೆ ಹಿಂದೆ ಸರಿದ ಮೇಲಿನ ದಿನಗಳೇ, ಅದರಲ್ಲಿಯೂ ಮಾರ್ಗಶಿರ-ಪುಷ್ಯದ ಚಳಿಗಾಲವೇ ಅನುಕೂಲವಾಗಿತ್ತು. ಆಗ ಗಂಡುಗಳ ಕೊಂಬು ಬಲಿತಿರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಹೆಜ್ಜೆಗುರುತು ಸ್ಪಷ್ಟವಾಗಿ ಕಾಣುತ್ತದೆ.

ಕೊಡಗಿನಲ್ಲಿ ಈ ಋತುವಿಗೆ ವಿಧಿಪೂರ್ವಕವಾದ ಆರಂಭವೇ ಇದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿಗಳನ್ನು ತೋಕ್‌ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಬೇಸಾಯದ ತಿಂಗಳುಗಳಲ್ಲಿ ಮನೆಯೊಳಗೆ ಇರಿಸಿದ್ದ ಆಯುಧಗಳು ಅಂದು ಕೈಗೆ ಬರುತ್ತಿದ್ದವು. ಬೇಟೆ ನಿಂತುಹೋದರೂ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ಉಳಿದುಕೊಂಡಿದೆ.

ಸಿದ್ಧತೆ

ಮಲೆನಾಡಿನ ಬೇಟೆಯಲ್ಲಿ ಎರಡು ಮುಖ್ಯ ಬಗೆಗಳು. ಹಣ್ಣು ಉದುರುವ ಮರದ ಮೇಲೋ ನೀರಿನ ಬಳಿಯೋ ರಾತ್ರಿ ಅಡಗಿ ಕಾಯುವುದು ‘ಮರಸು’. ಹಗಲಿನಲ್ಲಿ ನಾಯಿಗಳೊಡನೆ ಹಳು ನುಗ್ಗಿ ಪ್ರಾಣಿಯನ್ನು ಕೋವಿಗಾರರತ್ತ ಅಟ್ಟುವುದು ಎರಡನೆಯದು. ಕೋವಿಗಾರನು ಕಾಯುವ ಸ್ಥಾನಕ್ಕೆ ‘ಬಿಲ್ಲು’ ಎಂದು ಹೆಸರು. ಕೋವಿ ಬಂದ ಮೇಲೂ ಉಳಿದ ಈ ಮಾತು ಹಿಂದಿನ ಆಯುಧದ ನೆನಪಾಗಿರಬೇಕು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಮತ್ತು ‘ಕಾನೂರು ಹೆಗ್ಗಡಿತಿ’ (1936) ಈ ಜೀವನವನ್ನು ಬಲ್ಲವರ ಬರಹಗಳು.

ಬಿಲ್ಲುಗಳನ್ನು ಗೊತ್ತುಮಾಡುವುದು ಹಿರಿಯ ಬೇಟೆಗಾರನ ಕೆಲಸ. ಪ್ರಾಣಿಯು ರೂಢಿಯಾಗಿ ದಾಟುವ ಕಂಡಿ, ಮೇದು ಹೋದ ಜಾಡು, ಲದ್ದಿಯ ಹಸಿತನ, ಗಂಡುಗಳು ಕೊಂಬು ತಿಕ್ಕಿದ ಮರದ ಗುರುತುಗಳನ್ನು ಅವನು ಹಿಂದಿನ ದಿನವೇ ನೋಡಿಕೊಂಡು ಬರುತ್ತಿದ್ದನು. ಗಾಳಿಯ ದಿಕ್ಕು ಎಲ್ಲಕ್ಕಿಂತ ಮುಖ್ಯ. ಕಡವೆಯ ಮೂಗೂ ಕಿವಿಯೂ ಅತಿ ಚುರುಕು. ಮನುಷ್ಯನ ವಾಸನೆ ಬಡಿದರೆ ಕಾಲನ್ನು ನೆಲಕ್ಕಪ್ಪಳಿಸಿ, ಕಹಳೆಯಂತೆ ಕೂಗಿ ಇಡೀ ಕಾಡನ್ನು ಎಚ್ಚರಿಸುತ್ತದೆ.

ಚಳಿಗೆ ಕಂಬಳಿಯೇ ಆಧಾರ. ಕುರಿಯ ಉಣ್ಣೆಯ ಕಂಬಳಿಯು ಇಬ್ಬನಿಯಲ್ಲಿ ತೊಯ್ದರೂ ಬಹುಮಟ್ಟಿಗೆ ಬೆಚ್ಚಗಿರುತ್ತದೆ. ಹತ್ತಿಯ ಬಟ್ಟೆ ಹಾಗಲ್ಲ. ಇಂಬಳ ಹತ್ತದಂತೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಳ್ಳುತ್ತಿದ್ದರು. ಕೇಪಿನ ಕೋವಿಗೆ ಮದ್ದು ಸುರಿದು, ತೆಂಗಿನ ನಾರನ್ನೋ ಬಟ್ಟೆಯ ಚೂರನ್ನೋ ತುರುಕಿ, ಗಜದಿಂದ ಜಡಿದು, ಮೇಲೆ ಗುಂಡು ಹಾಕಬೇಕಾಗಿತ್ತು. ಮದ್ದು ತೇವ ಹೀರಿದರೆ ಈಡು ಹಾರುವುದಿಲ್ಲ. ಒಂದು ಈಡು ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಮಿಗ ಕಣ್ಮರೆಯಾಗುತ್ತಿತ್ತು. ಆದ್ದರಿಂದಲೇ ಮದ್ದನ್ನು ಒಣಗಿದ ಬುರುಡೆಯಲ್ಲಿ ಬಿಗಿಯಾಗಿ ಮುಚ್ಚಿಡುವುದು ಸಿದ್ಧತೆಯ ದೊಡ್ಡ ಭಾಗವಾಗಿತ್ತು.

ಬೇಟೆಗೆ ಹೊರಡುವ ಮುನ್ನ ಎಲ್ಲರಿಗೂ ಹೇಳುತ್ತಿದ್ದ ಕಟ್ಟಳೆ ಎರಡು: ಬಿಲ್ಲು ಬಿಟ್ಟು ಕದಲಬಾರದು, ಹಳುವಿನವರು ಬರುವ ದಿಕ್ಕಿಗೆ ಗುಂಡು ಹಾರಿಸಬಾರದು. ಇವನ್ನು ಮೀರಿದಾಗ ಸಾಯುತ್ತಿದ್ದುದು ಮಿಗವಲ್ಲ, ಮನುಷ್ಯ. ನಾಯಿಗಳು ಅಟ್ಟಿದ ಕಡವೆಯು ಹಲವೊಮ್ಮೆ ಹಳ್ಳದ ನೀರಿಗಿಳಿದು ತಿರುಗಿ ನಿಲ್ಲುತ್ತದೆ. ಆಗ ಅದರ ಮುಂಗಾಲಿನ ಹೊಡೆತಕ್ಕೆ ಸಿಕ್ಕ ನಾಯಿ ಬದುಕುವುದು ಕಷ್ಟ. ಮಾಂಸದ ಪಾಲಿನಲ್ಲಿ ಗುರಿಕಾರ, ಹಳುವಿನವರು, ನಾಯಿಯ ಒಡೆಯ ಎಲ್ಲರಿಗೂ ಹಕ್ಕಿತ್ತು.

ಹಿಮನಾಡಿನ ಬೇಟೆಯೊಡನೆ ಹೋಲಿಕೆ

ಉತ್ತರ ಅಮೆರಿಕದ ರಾಕಿ ಪರ್ವತಗಳಲ್ಲಿ ವಾಪಿಟಿಯ ಬೇಟೆ ಇಂದಿಗೂ ಪರವಾನಗಿಯೊಡನೆ ನಡೆಯುತ್ತದೆ. ಋತುವಿನ ಕೊನೆಯಲ್ಲಿ, ನವೆಂಬರ್-ಡಿಸೆಂಬರ್ ವೇಳೆಗೆ ಹಿಮ ದಟ್ಟವಾದಂತೆ ಹಿಂಡುಗಳು ಮೇವನ್ನರಸಿ ತಗ್ಗಿನ ಕಣಿವೆಗಳಿಗಿಳಿಯುತ್ತವೆ. ಹಿಮದ ಮೇಲಿನ ಹೆಜ್ಜೆ ಅಲ್ಲಿನವರಿಗೆ ದಾರಿ ತೋರುತ್ತದೆ. ಪದರ ಪದರವಾದ ಉಣ್ಣೆಯ ಉಡುಪು, ಒಣ ಕಾಲುಚೀಲ, ಬೆಂಕಿ ಹೊತ್ತಿಸುವ ಸಾಧನ ಅವರ ಅಗತ್ಯಗಳು. ಮೈಯ ಶಾಖ ಕುಸಿದು ಸಾಯುವ ಅಪಾಯ ಮುಳ್ಳಯ್ಯನಗಿರಿಯ (1,930 ಮೀಟರ್) ಚಳಿಯನ್ನು ಮಾತ್ರ ಬಲ್ಲವರಿಗೆ ಊಹಿಸಲು ಕಷ್ಟ. ಆದರೂ ಗಾಳಿ, ಜಾಡು, ಉಣ್ಣೆ ಈ ಮೂರು ವಿಷಯಗಳಲ್ಲಿ ಎರಡೂ ನಾಡಿನ ಬೇಟೆಗಾರರು ಕಂಡುಕೊಂಡದ್ದು ಒಂದೇ.

ಕಾನೂನು ಮತ್ತು ಇಂದಿನ ಸ್ಥಿತಿ

ಮೈಸೂರು ಸಂಸ್ಥಾನವು 1901ರಲ್ಲಿಯೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ಕಾಯಿದೆ ಮಾಡಿತ್ತು. 1972ರ ಅಧಿನಿಯಮದ 9ನೆಯ ಪ್ರಕರಣವು ಬೇಟೆಯನ್ನು ನಿಷೇಧಿಸುತ್ತದೆ. ಪರವಾನಗಿಯ ಬೇಟೆಗೆ ಉಳಿದಿದ್ದ ಅವಕಾಶವೂ 1991ರ ತಿದ್ದುಪಡಿಯಿಂದ ಕೊನೆಗೊಂಡಿತು. ಕೊಡವರಿಗೆ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯು ಆಯುಧ ಹೊಂದುವುದಕ್ಕೆ ಸಂಬಂಧಿಸಿದ್ದು; ಅದನ್ನು ಬೇಟೆಯ ಹಕ್ಕೆಂದು ತಿಳಿಯುವುದು ತಪ್ಪು.

ಹಳೆಯ ಮನೆಗಳ ಜಗುಲಿಯಲ್ಲಿ ತೂಗುವ ಕಡವೆಯ ಕೊಂಬಿನ ಬಗೆಗೂ ಎಚ್ಚರ ಬೇಕು. ಕಾನೂನುಸಮ್ಮತ ಒಡೆತನದ ಪ್ರಮಾಣಪತ್ರವಿಲ್ಲದೆ ಅದನ್ನು ಇಟ್ಟುಕೊಳ್ಳುವುದು, ಮಾರುವುದು ಅಪರಾಧವಾಗುತ್ತದೆ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನು ಹೆಕ್ಕಿ ತಂದವರೂ ಇದರಿಂದ ಹೊರತಲ್ಲ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಕಡವೆಯನ್ನು 2008ರಿಂದ ಅಪಾಯದಂಚಿನ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿದೆ. ನಾಗರಹೊಳೆ, ಬಂಡೀಪುರಗಳಲ್ಲಿ ಇದು ಹುಲಿಯ ಮುಖ್ಯ ಆಹಾರಗಳಲ್ಲೊಂದು. ಕಾಡಂಚಿನಲ್ಲಿ ಉರುಳು ಹಾಗೂ ನಾಡಕೋವಿಗಳ ಕಳ್ಳಬೇಟೆ ಪೂರ್ತಿ ನಿಂತಿಲ್ಲ. ಕಾಡುಪ್ರಾಣಿಗಳಿಂದ ಬೆಳೆ ಕಳೆದುಕೊಂಡ ರೈತರು ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಿ ಪರಿಹಾರ ಪಡೆಯಬಹುದು.