ಹಳೆಯ ಗಿಟಾರಿಗೆ ಹೊಸ ಕುದುರೆ

ವೀಣೆ, ಪಿಟೀಲುಗಳಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಆಧಾರಕ್ಕೆ ನಾವು ಕುದುರೆ ಎನ್ನುತ್ತೇವೆ. ಗಿಟಾರಿನಲ್ಲಿ ಅದರ ಹೆಸರು ಬ್ರಿಡ್ಜ್. ವಿದ್ಯುತ್ ಗಿಟಾರಿನ ಬ್ರಿಡ್ಜಿನ ಮೇಲೆ ಪ್ರತಿ ತಂತಿಗೂ ಒಂದು ಪುಟ್ಟ ಲೋಹದ ತುಂಡು ಇರುತ್ತದೆ. ಅದನ್ನು ಸ್ಯಾಡಲ್, ಅಂದರೆ ಜೀನು, ಎಂದು ಕರೆಯುತ್ತಾರೆ. ಕುದುರೆಗೆ ತಕ್ಕ ಜೀನು! ಹಳೆಯ ಗಿಟಾರಿಗೆ ಹೊಸ ಕುದುರೆಯನ್ನು ಕೂಡಿಸುವಾಗ ಯಾವುದು ಯಾವುದಕ್ಕೆ ಹೊಂದಬೇಕು? ಇದಕ್ಕೆ ಉತ್ತರ ನಿಮ್ಮ ಜ್ಯಾಮಿತಿ ಪುಸ್ತಕದಲ್ಲೇ ಇದೆ.

ಒಂದು ನಿಜವಾದ ಉದಾಹರಣೆಯನ್ನು ನೋಡೋಣ. ಅಮೆರಿಕದ ಫೆಂಡರ್ ಕಂಪನಿ 1958ರಲ್ಲಿ ಜಾಝ್‌ಮಾಸ್ಟರ್ ಎಂಬ ಗಿಟಾರನ್ನು ಹೊರತಂದಿತು. ಅದರ ಸ್ಯಾಡಲ್‌ಗಳ ಮೇಲಿನ ಗೀರುಗಳು ಆಳವಿಲ್ಲದವು. ಅಂದಿನ ದಪ್ಪ ತಂತಿಗಳಿಗೆ ಅವು ಸಾಕಾಗಿದ್ದವು. ಮುಂದೆ ತೆಳು ತಂತಿಗಳು ಬಳಕೆಗೆ ಬಂದವು. ಜೋರಾಗಿ ಬಾರಿಸಿದರೆ ತಂತಿ ಗೀರಿನಿಂದ ಜಿಗಿಯತೊಡಗಿತು. ಆದ್ದರಿಂದ ಹಲವರು ಬೇರೆ ಬ್ರಿಡ್ಜ್ ಹುಡುಕಿದರು. ಗಿಬ್ಸನ್ ಕಂಪನಿ 1954ರಲ್ಲಿ ತಂದ ಟ್ಯೂನ್-ಓ-ಮ್ಯಾಟಿಕ್ ಮಾದರಿಯ ಬ್ರಿಡ್ಜ್ ಅವರ ಕಣ್ಣಿಗೆ ಬಿತ್ತು. ಅದರ ಗೀರು ಆಳ, ಹಿಡಿತ ಭದ್ರ. ಆದರೆ ಕೂಡಿಸಿ ನುಡಿಸಿದಾಗ ನಡುವಿನ ತಂತಿಗಳು ಝರ್ರೆಂದು ಸದ್ದು ಮಾಡಿದವು. ಏಕೆ?

ಗಿಟಾರಿನಲ್ಲಿ ಬೆರಳೊತ್ತುವ ಹಲಗೆ ಸಾಮಾನ್ಯವಾಗಿ ಚಪ್ಪಟೆಯಲ್ಲ. ಅಡ್ಡಲಾಗಿ ನೋಡಿದರೆ ಅದು ಒಂದು ದೊಡ್ಡ ವೃತ್ತದ ಕಂಸ. ಹಳೆಯ ಫೆಂಡರ್ ಗಿಟಾರುಗಳಲ್ಲಿ ಆ ವೃತ್ತದ ತ್ರಿಜ್ಯ 7.25 ಅಂಗುಲ, ಎಂದರೆ 184 ಮಿ.ಮೀ. ಗಿಬ್ಸನ್ ಗಿಟಾರುಗಳಲ್ಲಿ ಅದು ಸಾಮಾನ್ಯವಾಗಿ 12 ಅಂಗುಲ, ಎಂದರೆ 305 ಮಿ.ಮೀ. ತ್ರಿಜ್ಯ ಹೆಚ್ಚಿದಷ್ಟೂ ಬಾಗು ಕಡಿಮೆ. ಟ್ಯೂನ್-ಓ-ಮ್ಯಾಟಿಕ್ ಬ್ರಿಡ್ಜಿನ ಬಾಗು ಈ 12 ಅಂಗುಲದ ಹಲಗೆಗೆ ಹೊಂದುವಂಥದ್ದು.

ಈಗ ಲೆಕ್ಕ ಮಾಡೋಣ. ಬ್ರಿಡ್ಜಿನ ಮೇಲೆ ಮೊದಲ ತಂತಿಗೂ ಆರನೆಯ ತಂತಿಗೂ ನಡುವೆ 52 ಮಿ.ಮೀ. ಅಂತರವಿದೆ ಎಂದುಕೊಳ್ಳಿ. ಅದರ ಅರ್ಧ 26. ಕಂಸದ ನಡುಭಾಗ ಅಂಚಿಗಿಂತ ಎಷ್ಟು ಎತ್ತರ ಎಂಬುದನ್ನು ತಿಳಿಯಲು ಅರ್ಧ ಅಂತರದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಬೇಕು. 676ನ್ನು 368ರಿಂದ ಭಾಗಿಸಿದರೆ 1.84 ಮಿ.ಮೀ. ಅದೇ 676ನ್ನು 610ರಿಂದ ಭಾಗಿಸಿದರೆ 1.11 ಮಿ.ಮೀ. ವ್ಯತ್ಯಾಸ ಸುಮಾರು 0.7 ಮಿ.ಮೀ.

ಅಂಚಿನ ತಂತಿಗಳನ್ನು ಸರಿಯಾದ ಎತ್ತರಕ್ಕೆ ತಂದರೆ ನಡುವಿನ ತಂತಿಗಳು ಬ್ರಿಡ್ಜಿನ ಬಳಿ ಇರಬೇಕಾದ್ದಕ್ಕಿಂತ 0.7 ಮಿ.ಮೀ. ತಗ್ಗಿನಲ್ಲಿರುತ್ತವೆ. ತಂತಿಯ ಸರಿ ಅರ್ಧದಲ್ಲಿರುವ 12ನೆಯ ಫ್ರೆಟ್‌ನ ಮೇಲೆ ಈ ಕೊರತೆ ಅರ್ಧವಾಗುತ್ತದೆ: 0.35 ಮಿ.ಮೀ. ಇದೇನು ಮಹಾ ಎನ್ನಬೇಡಿ. ಅಲ್ಲಿ ತಂತಿಗೂ ಫ್ರೆಟ್ಟಿಗೂ ಇರುವ ಸಂದು ಬಹಳವೆಂದರೆ 2 ಮಿ.ಮೀ. ಆಸುಪಾಸಿನದು. ಕಂಪಿಸುವ ತಂತಿ ಫ್ರೆಟ್ಟಿಗೆ ತಾಗುತ್ತದೆ, ಸ್ವರ ಒಡೆಯುತ್ತದೆ. ಬ್ರಿಡ್ಜನ್ನು ಮೇಲೆತ್ತಿದರೆ ಸದ್ದು ನಿಲ್ಲುತ್ತದೆ. ಆದರೆ ಅಂಚಿನ ತಂತಿಗಳು ಎತ್ತರವಾಗಿ ಬೆರಳು ನೋಯುತ್ತದೆ.

ಇಲ್ಲಿಯೇ ದೊಡ್ಡ ತಪ್ಪು ನಡೆಯುವುದು. ಸದ್ದು ಮಾಡುವ ಫ್ರೆಟ್‌ಗಳದ್ದೇ ದೋಷವೆಂದು ತಿಳಿದು ಅವುಗಳ ನಡುಭಾಗವನ್ನು ಅರದಿಂದ ಉಜ್ಜುವವರುಂಟು. ಆರು ದಶಕ ಬಾಳಿದ ವಾದ್ಯದ ಲೋಹವನ್ನು ಒಮ್ಮೆ ಉಜ್ಜಿದರೆ ಅದು ಮರಳಿ ಬಾರದು. ಬದಲಾಗಬೇಕಾದದ್ದು ಹೊಸ ಬಿಡಿಭಾಗ, ಹಳೆಯ ವಾದ್ಯವಲ್ಲ.

ಹಾಗಾದರೆ ದಾರಿ ಯಾವುದು? ಮೊದಲನೆಯದು, ಹಲಗೆಯ ಬಾಗಿಗೇ ಹೊಂದುವ ಬ್ರಿಡ್ಜನ್ನು ಆರಿಸುವುದು. ಎರಡನೆಯದು, ಪ್ರತಿ ಸ್ಯಾಡಲನ್ನೂ ಪುಟ್ಟ ತಿರುಪುಗಳಿಂದ ಬೇರೆಬೇರೆಯಾಗಿ ಏರಿಸಿ ಇಳಿಸಬಲ್ಲ ಬ್ರಿಡ್ಜನ್ನು ಹಾಕುವುದು. 1954ರ ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರಿನ ಬ್ರಿಡ್ಜ್ ಇಂಥದ್ದು. ಜಾಝ್‌ಮಾಸ್ಟರಿನ ಮೂಲ ಬ್ರಿಡ್ಜಿನಲ್ಲೂ ಈ ಸೌಕರ್ಯವಿತ್ತು. ಮೂರನೆಯದು, ಹೊಸ ಬ್ರಿಡ್ಜಿನ ಗೀರುಗಳನ್ನೇ ತಿದ್ದುವುದು. ನಮ್ಮ ಉದಾಹರಣೆಯಲ್ಲಿ ನಡುವಿನ ಎರಡು ಗೀರುಗಳನ್ನು ಮುಟ್ಟದೆ, 2 ಮತ್ತು 5ನೆಯ ತಂತಿಗಳ ಗೀರುಗಳನ್ನು ಸುಮಾರು 0.25 ಮಿ.ಮೀ., ಅಂಚಿನ ಎರಡನ್ನು ಸುಮಾರು 0.7 ಮಿ.ಮೀ. ಆಳಗೊಳಿಸಿ, ಅನಂತರ ಇಡೀ ಬ್ರಿಡ್ಜನ್ನು ತಕ್ಕಷ್ಟು ಎತ್ತಬೇಕು. ಇದು ನುರಿತ ಕೈಯ ಕೆಲಸ.

ಕೊಳ್ಳುವ ಮುನ್ನ ಅಳೆಯುವುದು ಹೇಗೆ? ಕೈವಾರದಿಂದ, ಅದು ಸಾಲದಿದ್ದರೆ ಗುಂಡುಸೂಜಿ, ದಾರ, ಪೆನ್ಸಿಲುಗಳಿಂದ, ರಟ್ಟಿನ ಮೇಲೆ 184, 241 ಮತ್ತು 305 ಮಿ.ಮೀ. ತ್ರಿಜ್ಯದ ಕಂಸಗಳನ್ನು ಎಳೆಯಿರಿ. 241 ಎಂದರೆ 9.5 ಅಂಗುಲ, ಈಚಿನ ಅನೇಕ ಫೆಂಡರ್ ಗಿಟಾರುಗಳ ಅಳತೆ. ಒಳಬಾಗು ಬರುವಂತೆ ಕತ್ತರಿಸಿ, ತಂತಿ ಸಡಿಲಿಸಿ, ಎರಡು ಫ್ರೆಟ್‌ಗಳ ನಡುವಿನ ಮರದ ಮೇಲೆ ಅಡ್ಡಲಾಗಿಡಿ. ನಡುವೆ ಬೆಳಕು ತೂರಿದರೆ ಹಲಗೆ ರಟ್ಟಿಗಿಂತ ಚಪ್ಪಟೆ. ಅಂಚುಗಳಲ್ಲಿ ತೂರಿದರೆ ಹಲಗೆಯ ಬಾಗೇ ಹೆಚ್ಚು. ಎಲ್ಲಿಯೂ ಬೆಳಕು ಕಾಣದಿದ್ದರೆ ಅದೇ ನಿಮ್ಮ ತ್ರಿಜ್ಯ.

ಜೊತೆಗೆ ತಂತಿಗಳ ನಡುವಿನ ಅಂತರವನ್ನೂ ಬ್ರಿಡ್ಜಿನ ಎರಡು ಕಂಬಗಳ ನಡುವಿನ ದೂರವನ್ನೂ ಅಳೆದುಕೊಳ್ಳಿ. ಹೊಸ ರಂಧ್ರ ಕೊರೆಯಬೇಕಾದರೆ ಆ ಬ್ರಿಡ್ಜ್ ಬೇಡ. ಕಳಚಿದ ಹಳೆಯದನ್ನು ಎಸೆಯದೆ ಗಿಟಾರಿನ ಪೆಟ್ಟಿಗೆಯಲ್ಲೇ ಇಡಿ. ಮುಂದೊಮ್ಮೆ ಯಾರಾದರೂ ಆ ವಾದ್ಯವನ್ನು ಮೊದಲಿನಂತೆಯೇ ಕಾಣಲು ಬಯಸಬಹುದು.