ಉಸಿರಿನ ಅನಿಲದಿಂದ ಹೃದಯ ಪರೀಕ್ಷೆ

ಹೃದಯದ ರಕ್ತನಾಳ ಅರ್ಧ ಕಟ್ಟಿಕೊಂಡಿದ್ದರೂ ಸುಮ್ಮನೆ ಕುಳಿತವರಿಗೆ ಎಷ್ಟೋ ಸಲ ಏನೂ ಅನ್ನಿಸುವುದಿಲ್ಲ. ಅಡ್ಡಿಯ ಮುಂದಿರುವ ಸಣ್ಣ ನಾಳಗಳು ಹಿಗ್ಗಿಕೊಂಡು ಬೇಕಾದಷ್ಟು ರಕ್ತ ಒದಗಿಸುತ್ತಿರುತ್ತವೆ. ಮೆಟ್ಟಿಲು ಹತ್ತಿದಾಗ ನಿಜ ಬಯಲಾಗುತ್ತದೆ. ಆರೋಗ್ಯವಾಗಿರುವ ನಾಳ ಮೂರು ನಾಲ್ಕು ಪಟ್ಟು ಹೆಚ್ಚು ರಕ್ತ ಹರಿಸಬಲ್ಲದು. ಆಗಲೇ ಹಿಗ್ಗಿ ಮುಗಿದ ನಾಳಕ್ಕೆ ಅದು ಆಗದು. ಈ ವ್ಯತ್ಯಾಸ ಹಿಡಿಯಲೆಂದೇ ಸ್ಟ್ರೆಸ್ ಟೆಸ್ಟ್ ಇರುವುದು.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಟಿಎಂಟಿ. ಟ್ರೆಡ್‌ಮಿಲ್‌ನ ವೇಗ, ಏರು ಎರಡನ್ನೂ ಸಾಮಾನ್ಯವಾಗಿ 3 ನಿಮಿಷಕ್ಕೊಮ್ಮೆ ಹೆಚ್ಚಿಸುತ್ತಾ ಇಸಿಜಿ ನೋಡುತ್ತಾರೆ. ಮಂಡಿನೋವಿನವರು, ಲಕ್ವ ಹೊಡೆದವರು ಅದರ ಮೇಲೆ ನಡೆಯುವುದು ಹೇಗೆ? ಅಂಥವರಿಗೆ ಅಡೆನೊಸಿನ್‌ನಂಥ ಔಷಧಿಯನ್ನು ರಕ್ತನಾಳದ ಮೂಲಕ ಕೊಟ್ಟು, ಹೃದಯದ ನಾಳ ಹಿಗ್ಗಿಸಿ, ಸ್ಕ್ಯಾನ್ ಮಾಡುತ್ತಾರೆ. ಆ ಕೆಲವು ನಿಮಿಷ ಎದೆ ಬಿಗಿಯಬಹುದು, ಮುಖ ಬಿಸಿಯೇರಬಹುದು, ಉಸಿರು ಕಟ್ಟಿದಂತಾಗಬಹುದು. ಉಬ್ಬಸ ಜೋರಾಗಿರುವವರಿಗೆ ಅದನ್ನು ಕೊಡುವಂತಿಲ್ಲ. ಕಾಫಿಯಲ್ಲಿನ ಕೆಫೀನ್ ಈ ಔಷಧಿಯ ಕೆಲಸಕ್ಕೆ ಅಡ್ಡ ಬರುವುದರಿಂದ 12ರಿಂದ 24 ಗಂಟೆ ಮೊದಲೇ ಕಾಫಿ, ಟೀ ನಿಲ್ಲಿಸಬೇಕು.

ಔಷಧಿಯ ಬದಲು ನಾವೇ ಹೊರಬಿಡುವ ಕಾರ್ಬನ್ ಡೈಆಕ್ಸೈಡ್ ಈ ಕೆಲಸ ಮಾಡೀತೇ ಎಂಬುದು ಸಂಶೋಧಕರ ಪ್ರಶ್ನೆ. ಅಪಧಮನಿಯ ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸ. ಅದು ಏರಿದರೆ ಹೃದಯದ ನಾಳಗಳು ಹಿಗ್ಗುತ್ತವೆ. ಆದರೆ ಏರಿದ ಕೂಡಲೇ ಉಸಿರಾಟವೂ ಜೋರಾಗಿ, ಒಳಗೆ ಹೋದ ಅನಿಲ ಹೊರಬಿದ್ದುಬಿಡುತ್ತದೆ. ಮಟ್ಟ ಒಂದೆಡೆ ನಿಲ್ಲುವುದಿಲ್ಲ.

ಇದಕ್ಕೆ ಕೆನಡಾದ ಟೊರಾಂಟೊದ ಸಂಶೋಧಕರು ಕಂಪ್ಯೂಟರ್ ನಿಯಂತ್ರಿತ ಉಪಾಯ ಹುಡುಕಿದರು. ಮಾಸ್ಕ್‌ನಲ್ಲಿ ಪ್ರತಿ ಉಸಿರಿನ ಮೊದಲ ಪಾಲು ಅಳೆದುಕೊಟ್ಟ ಹೊಸ ಅನಿಲ. ಅದು ಮುಗಿದ ಮೇಲೆ ಎಳೆದುಕೊಳ್ಳುವುದೆಲ್ಲ ಆಗಷ್ಟೇ ಬಿಟ್ಟ ಉಸಿರಿನಂಥದೇ ಅನಿಲ. ಹಾಗಾಗಿ ಎಷ್ಟು ಜೋರಾಗಿ ಉಸಿರಾಡಿದರೂ ರಕ್ತದಲ್ಲಿನ ಮಟ್ಟ ಬದಲಾಗದು. ಅನಿಲ ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಬೇಕಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಬಹುದು.

ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಸಂಸ್ಥೆಯ ತಂಡ ನಾಯಿಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಒತ್ತಡವನ್ನು 60 ಮಿಲಿಮೀಟರ್ ಸುಮಾರಿಗೆ ಏರಿಸಿದಾಗ ಹೃದಯದ ಸ್ನಾಯುವಿಗೆ ಹರಿದ ರಕ್ತ, ಅಡೆನೊಸಿನ್ ಕೊಟ್ಟಾಗಿನಷ್ಟೇ ಹೆಚ್ಚಿತ್ತು.

ಇದಿನ್ನೂ ಸಂಶೋಧನೆಯ ಹಂತದ ವಿಧಾನ. ಮೂಗು ಬಾಯಿ ಮುಚ್ಚಿಕೊಂಡೋ, ಚೀಲದೊಳಗೆ ಉಸಿರಾಡಿಯೋ ಮನೆಯಲ್ಲಿ ಖಂಡಿತ ಪ್ರಯೋಗಿಸಬೇಡಿ, ಜೀವಕ್ಕೇ ಅಪಾಯ. ನಡೆಯಲಾರದವರಿಗೆ, ಔಷಧಿ ಒಗ್ಗದವರಿಗೆ ಇನ್ನೊಂದು ದಾರಿ ಬೇಕೇ ಬೇಕು. ಅದಕ್ಕೇ ಈ ಸಂಶೋಧನೆ ಮುಖ್ಯ. ಸದ್ಯಕ್ಕೆ ಸ್ಟ್ರೆಸ್ ಟೆಸ್ಟ್‌ಗೆ ಹೋಗುವಾಗ ಉಬ್ಬಸ, ಮಂಡಿನೋವು, ನುಂಗುತ್ತಿರುವ ಮಾತ್ರೆ, ಕುಡಿದ ಕಾಫಿ ಎಲ್ಲವನ್ನೂ ವೈದ್ಯರಿಗೆ ಹೇಳಿ. ನಿಮಗೆ ಯಾವ ಪರೀಕ್ಷೆ ಸರಿ ಎಂಬುದನ್ನು ಅವರು ತೀರ್ಮಾನಿಸುವುದು ಅದನ್ನು ಕೇಳಿಯೇ.