ಕಚ್ಚಾ ತೈಲದ ಏರಿಳಿತವೂ ಬಂಕಿನ ದರವೂ

ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಚ್ಚಾ ತೈಲದ ವ್ಯಾಪಾರ ನಡೆಯುವುದು ಬ್ಯಾರೆಲ್ ಲೆಕ್ಕದಲ್ಲಿ ಮತ್ತು ಬಹುತೇಕ ಡಾಲರಿನಲ್ಲಿ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಬ್ಯಾರೆಲ್ಲಿಗೆ 70 ಡಾಲರ್ ದರವಿದ್ದು, ಡಾಲರಿಗೆ 85 ರೂಪಾಯಿ ಕೊಡಬೇಕಾದ ಕಾಲದಲ್ಲಿ ಒಂದು ಲೀಟರ್ ಕಚ್ಚಾ ತೈಲಕ್ಕೆ ಬೀಳುವ ಬೆಲೆ 37 ರೂಪಾಯಿಗಿಂತ ತುಸು ಹೆಚ್ಚು. ಬೆಂಗಳೂರಿನ ಬಂಕುಗಳಲ್ಲಿ ಪೆಟ್ರೋಲ್ ದರ 2024ರ ಜೂನ್ ತಿಂಗಳಲ್ಲೇ ಲೀಟರಿಗೆ 102 ರೂಪಾಯಿ ದಾಟಿತ್ತು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಯಾವ ಭಾಗ ಕಚ್ಚಾ ತೈಲದ ಜೊತೆಗೆ ಕದಲುತ್ತದೆ, ಯಾವ ಭಾಗ ಕದಲದೆ ಕೂರುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ, ಏರುವಾಗ ಥಟ್ಟನೆ ಏರುವ ದರ ಇಳಿಯುವಾಗ ಏಕೆ ಹಿಂದೆಮುಂದೆ ನೋಡುತ್ತದೆ ಎಂಬ ವಾಹನ ಸವಾರರ ಹಳೆಯ ದೂರಿಗೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಬರಿಯ ಅಂಕಗಣಿತಕ್ಕೆ ಸೇರಿದ್ದಲ್ಲ.

ಕಚ್ಚಾ ತೈಲದ ದರ ಅಕ್ಕಿ, ಬೇಳೆಗಳ ದರಕ್ಕಿಂತ ಹೆಚ್ಚು ತೂಗಾಡುವುದಕ್ಕೆ ಅರ್ಥಶಾಸ್ತ್ರ ಕೊಡುವ ಕಾರಣ ಬೇಡಿಕೆ ಮತ್ತು ಪೂರೈಕೆ ಎರಡರ ಬಿಗುವು. ಬೆಲೆ ಏರಿದಾಗ ಕೊಳ್ಳುವ ಪ್ರಮಾಣ ಎಷ್ಟು ತಗ್ಗುತ್ತದೆ ಎಂಬುದರ ಅಳತೆಗೆ ಬೇಡಿಕೆಯ ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ. ಇಂಧನದ ವಿಷಯದಲ್ಲಿ, ಅಲ್ಪಾವಧಿಯಲ್ಲಿ, ಈ ಅಳತೆ ಬಹಳ ಸಣ್ಣದು, ಏಕೆಂದರೆ ಪೆಟ್ರೋಲ್ ತುಟ್ಟಿಯಾಯಿತೆಂದು ಯಾರೂ ಮರುದಿನವೇ ಮನೆಯನ್ನು ಕಚೇರಿಯ ಹತ್ತಿರಕ್ಕೆ ಬದಲಾಯಿಸುವುದಿಲ್ಲ, ಲಾರಿ ಮಾಲೀಕ ಸರಕು ಸಾಗಣೆಯನ್ನು ನಿಲ್ಲಿಸುವುದಿಲ್ಲ. ಪೂರೈಕೆಯ ಕಡೆಯಲ್ಲೂ ಹೊಸ ಬಾವಿಯೊಂದನ್ನು ಹುಡುಕಿ, ಕೊರೆದು, ತೈಲ ಹರಿಸುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. ಎರಡೂ ಕಡೆ ಬಾಗದಿರುವಾಗ ನೂರರಲ್ಲಿ ಎರಡು ಮೂರು ಪಾಲಿನ ಕೊರತೆಯೂ ದರವನ್ನು ಎಷ್ಟೋ ಪಟ್ಟು ದೊಡ್ಡ ಪ್ರಮಾಣದಲ್ಲಿ ಅಲುಗಿಸಬಲ್ಲದು. 2008ರ ಜುಲೈನಲ್ಲಿ 147 ಡಾಲರಿನ ಸುಮಾರಿಗೆ ಏರಿದ ಬ್ಯಾರೆಲ್ ದರ ಅದೇ ಡಿಸೆಂಬರಿನಲ್ಲಿ 40 ಡಾಲರಿಗಿಂತ ಕೆಳಕ್ಕೆ ಕುಸಿದದ್ದು ಹೀಗೆ. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್ 20ರಂದು, ಅಮೆರಿಕದ ವೆಸ್ಟ್ ಟೆಕ್ಸಾಸ್ ತೈಲದ ಮುಂಗಡ ವಹಿವಾಟಿನ ದರ ಸೊನ್ನೆಗಿಂತಲೂ 37 ಡಾಲರಿನಷ್ಟು ಕೆಳಗಿಳಿದಿತ್ತು. ಒಕ್ಲಹಾಮಾದ ಕುಶಿಂಗ್ ಎಂಬಲ್ಲಿನ ಟ್ಯಾಂಕುಗಳು ತುಂಬುವ ಹಂತಕ್ಕೆ ಬಂದು, ಇಟ್ಟುಕೊಳ್ಳಲು ಜಾಗವಿಲ್ಲದ ಮಾರಾಟಗಾರರು ಕೈಯಿಂದ ಹಣ ಕೊಟ್ಟು ತೈಲವನ್ನು ದಾಟಿಸಬೇಕಾಯಿತು. 1960ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದ, ತೈಲ ರಫ್ತು ಮಾಡುವ ದೇಶಗಳ ಒಕ್ಕೂಟವಾದ ಒಪೆಕ್ ಉತ್ಪಾದನೆಯನ್ನು ಹಿಗ್ಗಿಸಿ ಕುಗ್ಗಿಸಿ ದರ ನಿಭಾಯಿಸಲು ಯತ್ನಿಸುತ್ತ ಬಂದಿದೆ, ಆದರೆ ಅದರ ಹಿಡಿತ ಬೇಡಿಕೆಯೇ ಮುರಿದುಬೀಳುವ ಇಂಥ ಹೊತ್ತಿನಲ್ಲಿ ಸಡಿಲವಾಗುತ್ತದೆ.

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಪಾಲನ್ನು ಆಮದು ಮಾಡಿಕೊಳ್ಳುವುದರಿಂದ ಡಾಲರಿನ ಎದುರು ರೂಪಾಯಿಯ ಬೆಲೆಯೂ ಈ ಲೆಕ್ಕದೊಳಗೆ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಬ್ಯಾರೆಲ್ ದರ ಒಂದು ಡಾಲರ್ ಏರಿದರೆ ಲೀಟರಿಗೆ ಸುಮಾರು 53 ಪೈಸೆ, ರೂಪಾಯಿ ಒಂದು ರೂಪಾಯಿಯಷ್ಟು ಸೊರಗಿದರೆ ಸುಮಾರು 44 ಪೈಸೆ ಹೊರೆ ಬೀಳುತ್ತದೆ. ಇದಾದ ಮೇಲೆ ಸಂಸ್ಕರಣಾಗಾರದ ಹಂತ. ಅಲ್ಲಿ ಕಚ್ಚಾ ತೈಲವನ್ನು ಕಾಯಿಸಿ, ಬೇರೆ ಬೇರೆ ಉಷ್ಣತೆಯಲ್ಲಿ ಆವಿಯಾಗುವ ಅಂಶಗಳನ್ನು ಪ್ರತ್ಯೇಕಿಸಿ ಅಡುಗೆ ಅನಿಲ, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ಗಳನ್ನು ಪಡೆಯುತ್ತಾರೆ. ಆದರೆ ಸಂಸ್ಕರಣಾಗಾರ ತೈಲ ಮಾರಾಟ ಕಂಪನಿಗೆ ಇಂಧನವನ್ನು ಕೊಡುವ ದರ ತನ್ನ ಉತ್ಪಾದನಾ ವೆಚ್ಚವನ್ನು ಆಧರಿಸಿದ್ದಲ್ಲ. ಅದೇ ಪೆಟ್ರೋಲನ್ನು ಹೊರದೇಶದಿಂದ ತರಿಸಿದ್ದರೆ ಬೀಳುತ್ತಿದ್ದ ಬೆಲೆಗೆ ಶೇ. 80, ಹೊರದೇಶಕ್ಕೆ ಮಾರಿದ್ದರೆ ಸಿಗುತ್ತಿದ್ದ ಬೆಲೆಗೆ ಶೇ. 20 ತೂಕ ಕೊಟ್ಟು ಕಟ್ಟಿದ ಕಾಲ್ಪನಿಕ ದರವದು. ಇಂಧನ ದರ ಕುರಿತ ರಂಗರಾಜನ್ ಸಮಿತಿ 2006ರಲ್ಲಿ ಶಿಫಾರಸು ಮಾಡಿದ ಈ ಸೂತ್ರದ ದೆಸೆಯಿಂದ, ಮಂಗಳೂರಿನಲ್ಲಿ ತಯಾರಾಗಿ ಹಾಸನದ ಮೂಲಕ ಕೊಳವೆಮಾರ್ಗದಲ್ಲಿ ಬೆಂಗಳೂರಿಗೆ ಹರಿದುಬರುವ ಪೆಟ್ರೋಲ್ ಕೂಡ ಲೆಕ್ಕದ ಪುಸ್ತಕದಲ್ಲಿ ಬಹುಪಾಲು ಕಡಲು ದಾಟಿ ಬಂದಂತೆಯೇ ನಡೆದುಕೊಳ್ಳುತ್ತದೆ.

ಅಂತರದ ದೊಡ್ಡ ಪಾಲು ತೆರಿಗೆಯದು, ಮತ್ತು ಬಂಕಿನ ದರದ ವರ್ತನೆ ಅರ್ಥವಾಗಬೇಕಾದರೆ ತೆರಿಗೆಯ ಮೊತ್ತಕ್ಕಿಂತ ಅದರ ಬಗೆಯನ್ನು ನೋಡಬೇಕು. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ನಿಗದಿಯಾದದ್ದು. ತೈಲ ಅಗ್ಗವಾಗಲಿ ತುಟ್ಟಿಯಾಗಲಿ ಅದು ಬದಲಾಗುವುದಿಲ್ಲ. ರಾಜ್ಯದ ಮಾರಾಟ ತೆರಿಗೆಯಾದರೋ ಶೇಕಡಾವಾರು ಲೆಕ್ಕದ್ದು, ಅದೂ ಕೇಂದ್ರದ ಸುಂಕ ಸೇರಿದ ಬೆಲೆಯ ಮೇಲೆ ಬೀಳುವಂಥದ್ದು. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಪೆಟ್ರೋಲಿನ ಮೇಲಿನ ಈ ತೆರಿಗೆ ಶೇ. 25.92ರಿಂದ 29.84ಕ್ಕೆ ಏರಿದಾಗ ಬಂಕಿನ ದರ ಸುಮಾರು ಮೂರು ರೂಪಾಯಿ ಹೆಚ್ಚಿತು. ಮೊದಲ ಬಗೆಯ ತೆರಿಗೆ ಏರಿಳಿತವನ್ನು ಮಂದಗೊಳಿಸುತ್ತದೆ: ದರದ ಒಂದು ದೊಡ್ಡ ಭಾಗ ಅಲುಗದೆ ನಿಂತಿರುವುದರಿಂದ ಕಚ್ಚಾ ತೈಲ ಅರ್ಧಕ್ಕೆ ಇಳಿದರೂ ಪೆಟ್ರೋಲ್ ಅರ್ಧಕ್ಕೆ ಇಳಿಯಲಾರದು. ಎರಡನೆಯ ಬಗೆ ಏರಿಕೆಯ ಮೇಲೆ ಇನ್ನೊಂದಿಷ್ಟು ಏರಿಕೆ ಹಾಕುತ್ತದೆ. ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಗೆ ಪೆಟ್ರೋಲ್, ಡೀಸೆಲ್‌ಗಳನ್ನು 2017ರಲ್ಲಿ ತರದೆ ಬಿಟ್ಟದ್ದರಿಂದ ಈ ಎರಡು ಪದರಗಳು ಹಾಗೇ ಉಳಿದುಕೊಂಡಿವೆ, ಮತ್ತು ಬೇಡಿಕೆ ಸುಲಭವಾಗಿ ಕುಗ್ಗದ ಸರಕಿನ ಮೇಲಿನ ತೆರಿಗೆ ಖಜಾನೆಗೆ ಅತ್ಯಂತ ಭರವಸೆಯ ಆದಾಯವಾದದ್ದರಿಂದ ಕೇಂದ್ರಕ್ಕಾಗಲಿ ರಾಜ್ಯಗಳಿಗಾಗಲಿ ಅವನ್ನು ಬಿಟ್ಟುಕೊಡುವ ಆತುರವೇನೂ ಇದ್ದಂತಿಲ್ಲ.

ನಿಗದಿತ ಮೊತ್ತವೆಂದರೆ ಶಾಶ್ವತ ಮೊತ್ತವೆಂದಲ್ಲ. 2014ರ ಮಧ್ಯದಲ್ಲಿ 110 ಡಾಲರಿನ ಮೇಲಿದ್ದ, ಅಂತರರಾಷ್ಟ್ರೀಯ ದರದ ಅಳತೆಗೋಲಾದ ಬ್ರೆಂಟ್ ಕಚ್ಚಾ ತೈಲ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗಿಳಿಯಿತು. ದೆಹಲಿಯಲ್ಲಿ ಪೆಟ್ರೋಲ್ ದರ ಮಾತ್ರ 71 ರೂಪಾಯಿಯ ಆಸುಪಾಸಿನಿಂದ 60ರ ಹತ್ತಿರಕ್ಕೆ ಬಂದು ನಿಂತಿತು. ಈ ಅವಧಿಯಲ್ಲಿ ಕೇಂದ್ರ ಅಬಕಾರಿ ಸುಂಕವನ್ನು ಒಂಬತ್ತು ಬಾರಿ ಏರಿಸಲಾಯಿತು. ಲೀಟರ್ ಪೆಟ್ರೋಲಿಗೆ 9 ರೂಪಾಯಿ 48 ಪೈಸೆ ಇದ್ದದ್ದು 21 ರೂಪಾಯಿ ದಾಟಿತು. 2020ರ ಮೇ ತಿಂಗಳಲ್ಲಿ ಒಂದೇ ಏಟಿಗೆ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಸೇರಿದರೂ ಬಂಕಿನ ಫಲಕ ಅಂದು ಬದಲಾಗಲಿಲ್ಲ, ಏಕೆಂದರೆ ಕಚ್ಚಾ ತೈಲ ಅಗ್ಗವಾಗಿ ಗ್ರಾಹಕರಿಗೆ ಸಲ್ಲಬಹುದಾಗಿದ್ದ ಉಳಿತಾಯವನ್ನೇ ಆ ಹೆಚ್ಚಳ ನುಂಗಿಕೊಂಡಿತ್ತು. ಮುಂದಿನ ತಿಂಗಳು ತೈಲ ಚೇತರಿಸಿಕೊಂಡಾಗ ಆ ಏರಿಕೆ ನೇರವಾಗಿ ಗ್ರಾಹಕರ ಮೇಲೆ ಬಿತ್ತು. ಜೂನ್ 24ರಂದು ದೆಹಲಿಯಲ್ಲಿ ಡೀಸೆಲ್ ಪೆಟ್ರೋಲಿಗಿಂತ ತುಟ್ಟಿಯಾದ ವಿಚಿತ್ರವೂ ನಡೆಯಿತು.

ಏರಿಕೆ ರಾಕೆಟ್ಟಿನಂತೆ, ಇಳಿಕೆ ಹಕ್ಕಿಯ ಗರಿಯಂತೆ ಎಂದು ಈ ವರ್ತನೆಯನ್ನು ಮೊದಲು ಬಣ್ಣಿಸಿದವನು ಬ್ರಿಟನ್ನಿನ ಪೆಟ್ರೋಲ್ ದರಗಳನ್ನು ಅಧ್ಯಯನ ಮಾಡಿ 1991ರಲ್ಲಿ ಪ್ರಬಂಧ ಬರೆದ ಅರ್ಥಶಾಸ್ತ್ರಜ್ಞ ರಾಬರ್ಟ್ ಬೇಕನ್. ದರ ಇಳಿಯತೊಡಗಿದಾಗ ಗ್ರಾಹಕರು ನಿರಾಳರಾಗಿ ಅಗ್ಗದ ಬಂಕನ್ನು ಹುಡುಕುವುದನ್ನು ಬಿಡುತ್ತಾರೆ, ಆಗ ಮಾರಾಟಗಾರನಿಗೂ ಇಳಿಸುವ ಅವಸರವಿರುವುದಿಲ್ಲ ಎಂಬುದು ಇದಕ್ಕೆ ಅರ್ಥಶಾಸ್ತ್ರಜ್ಞರು ಕೊಡುವ ವಿವರಣೆಗಳಲ್ಲೊಂದು. ಭಾರತಕ್ಕೆ ಈ ವಿವರಣೆ ಅಷ್ಟಾಗಿ ಒಗ್ಗುವುದಿಲ್ಲ. ಇಲ್ಲಿನ ಬಹುಪಾಲು ಬಂಕುಗಳು ಮೂರು ಸಾರ್ವಜನಿಕ ವಲಯದ ಕಂಪನಿಗಳಿಗೆ ಸೇರಿದ್ದು, ಒಂದೇ ಊರಿನಲ್ಲಿ ಅವುಗಳ ದರದ ವ್ಯತ್ಯಾಸ ಪೈಸೆಗಳಲ್ಲಿ ಮುಗಿಯುವುದರಿಂದ ಹುಡುಕಿ ಗಿಟ್ಟಿಸುವಂಥದ್ದು ಹೆಚ್ಚೇನೂ ಇಲ್ಲ. ಇಲ್ಲಿ ಗರಿಯನ್ನು ಮೇಲೆ ಹಿಡಿದಿರುವುದು ಸುಂಕ ಮತ್ತು ಆಡಳಿತದ ಇಂಗಿತ.

ಆ ಇಂಗಿತಕ್ಕೆ ಲಿಖಿತ ಆದೇಶವಿರುವುದಿಲ್ಲ. ಪೆಟ್ರೋಲಿನ ದರ ನಿರ್ಧಾರ 2010ರ ಜೂನ್‌ನಲ್ಲಿ, ಡೀಸೆಲಿನದು 2014ರ ಅಕ್ಟೋಬರಿನಲ್ಲಿ ಕಂಪನಿಗಳ ಪಾಲಿಗೆ ಬಂದು, 2017ರ ಜೂನ್ 16ರಿಂದ ದೇಶದಾದ್ಯಂತ ಪ್ರತಿದಿನ ಬೆಳಿಗ್ಗೆ ಆರಕ್ಕೆ ದರ ಪರಿಷ್ಕರಣೆಯಾಗುವ ಕ್ರಮವೂ ಜಾರಿಗೆ ಬಂದಿತು. ಆದರೂ 2018ರ ಮೇ ತಿಂಗಳ ಕರ್ನಾಟಕ ವಿಧಾನಸಭಾ ಚುನಾವಣೆಗೆ ಮುನ್ನ ಹತ್ತೊಂಬತ್ತು ದಿನ ದರ ಕದಲಲಿಲ್ಲ, ಮತದಾನ ಮುಗಿದೊಡನೆ ಏರತೊಡಗಿತು. 2021ರ ನವೆಂಬರಿನಿಂದ 2022ರ ಮಾರ್ಚ್ 22ರವರೆಗೆ, ಉತ್ತರ ಪ್ರದೇಶವೂ ಸೇರಿ ಐದು ರಾಜ್ಯಗಳ ಚುನಾವಣೆ ಹಾಗೂ ಉಕ್ರೇನ್ ಯುದ್ಧದ ಆರಂಭದ ದಿನಗಳನ್ನು ದಾಟಿ, ನಾಲ್ಕೂವರೆ ತಿಂಗಳು ದರ ಸ್ಥಿರವಾಗಿತ್ತು. ಅನಂತರದ ಹದಿನಾರು ದಿನಗಳಲ್ಲಿ ಹದಿನಾಲ್ಕು ಬಾರಿ ಏರಿ ಲೀಟರಿಗೆ ಹತ್ತು ರೂಪಾಯಿ ಹೆಚ್ಚಿತು. ಹೀಗೆ ತಡೆದಿಟ್ಟ ಏರಿಕೆಯ ಹೊರೆಯನ್ನು ಯಾರಾದರೂ ಹೊರಲೇಬೇಕು. 2022ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಮೂರೂ ಕಂಪನಿಗಳು ಒಟ್ಟಿಗೆ 18,000 ಕೋಟಿ ರೂಪಾಯಿಗೂ ಹೆಚ್ಚು ನಷ್ಟ ತೋರಿಸಿದವು. ತೈಲ ಅಗ್ಗವಾದ ಮೇಲೂ ಬಹುಕಾಲ ದರ ಇಳಿಸದೆ 2023-24ರಲ್ಲಿ 80,000 ಕೋಟಿಯ ಸುಮಾರಿಗೆ ಲಾಭ ಗಳಿಸಿದವು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸುಂಕ ಲೀಟರಿಗೆ ಎರಡು ರೂಪಾಯಿ ಹೆಚ್ಚಿದಾಗಲೂ ಆ ಕಾರಣಕ್ಕಾಗಿ ಬಂಕಿನ ದರ ಏರಲಿಲ್ಲ.

ಫಲಕದ ಅಂಕಿ ಸ್ಥಿರವಾಗಿದ್ದರೂ ಕೊಳವೆಯಿಂದ ಬರುವ ವಸ್ತು ಸ್ಥಿರವಾಗಿಲ್ಲ. 2022ರಲ್ಲಿ ಶೇ. 10ನ್ನು ಮುಟ್ಟಿದ ಎಥೆನಾಲ್ ಬೆರಕೆ 2025ರಲ್ಲಿ ಶೇ. 20ಕ್ಕೆ ಏರಿತು, ಕಬ್ಬಿನಿಂದಲೂ ಧಾನ್ಯದಿಂದಲೂ ತಯಾರಾಗುವ ಈ ಮದ್ಯಸಾರದ ಖರೀದಿ ದರ ಕಚ್ಚಾ ತೈಲದ ಹಿಂದೆ ಓಡುವುದಿಲ್ಲ, ಅದರಲ್ಲಿ ಗಣನೀಯ ಭಾಗವನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆಯಾದ್ದರಿಂದ, ಐದರಲ್ಲೊಂದು ಪಾಲು ಎಥೆನಾಲ್ ಸೇರಿದ ಇಂಧನದಲ್ಲಿ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಆರೇಳು ಪಾಲು ಶಕ್ತಿ ಕಡಿಮೆ. ಇಂಜಿನ್ನಿನ ವಿನ್ಯಾಸ ಅದಕ್ಕೆ ಹೊಂದಿಕೊಂಡಿದ್ದರೆ ಮೈಲೇಜಿನ ಕುಸಿತ ಇದಕ್ಕಿಂತ ಕಡಿಮೆ ಇದ್ದೀತು. ಲೀಟರಿನ ದರ ಅಷ್ಟೇ ಇದ್ದರೂ ಸವಾರ ಒಂದು ಕಿಲೋಮೀಟರಿಗೆ ಕೊಡುವ ಬೆಲೆ ಈ ಬೆರಕೆಯಿಂದ ಸ್ವಲ್ಪ ಏರುತ್ತದೆ, ಆದರೆ ಆ ಏರಿಕೆ ಯಾವ ಬಂಕಿನ ಫಲಕದಲ್ಲೂ ನಮೂದಾಗುವುದಿಲ್ಲ.